ಊರೇ ಕುಸಿದರೂ ಎದೆ ಝಲ್ಲೆನ್ನುವುದಿಲ್ಲ, ಯಾಕೆ?

(ಸಿನಿಮಾ ಆಸಕ್ತರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಇವತ್ತಿನ ಮಾತು 2025ರ ಬೇಸಿಗೆಯಲ್ಲಿ ಬಂದ ಹಾಲಿವುಡ್ ಆ್ಯಕ್ಷನ್ ಮತ್ತು ಸೈನ್ಸ್ ಫಿಕ್ಷನ್ ಸಿನಿಮಾಗಳ ಬಗ್ಗೆ. ಬೇಸಿಗೆ ಅಂದರೆ ಅಮೆರಿಕದ ಬೇಸಿಗೆ, ಮೇ ತಿಂಗಳಿಂದ ಆಗಸ್ಟ್‌ವರೆಗೆ. ನಮ್ಮಲ್ಲಿ ಅಷ್ಟೊತ್ತಿಗೆ ಶಾಲೆ ಶುರುವಾಗಿ, ಮಳೆ ಹಿಡಿದಿರುತ್ತದೆ. ಇಂಥ ಸಿನಿಮಾಗಳನ್ನು ‘ಟೈಂಪಾಸ್’ ಎಂದು ಒಂದೇ ಮಾತಲ್ಲಿ ಮುಗಿಸುವವರು ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಸಾವಿರಾರು ಜನ ವರ್ಷಗಟ್ಟಲೆ ದುಡಿದು ಕಟ್ಟುವ ಕೆಲಸ ಅದು. ಗೆದ್ದರೆ ಯಾಕೆ ಗೆದ್ದಿತು, ಸೋತರೆ ಎಲ್ಲಿ ಸೋತಿತು ಎಂದು ಕೂತು ನೋಡಬೇಕು.

ಒಂದು ಪ್ರಶ್ನೆ ಇಟ್ಟುಕೊಂಡು ಹೋಗೋಣ. ಪರದೆಯ ಮೇಲೆ ಒಂದು ಇಡೀ ನಗರ ಎರಡು ಸೀಳಾಗುತ್ತದೆ. ನೂರಾರು ಅಂತಸ್ತಿನ ಕಟ್ಟಡಗಳು ಒಂದರ ಮೇಲೊಂದು ಬೀಳುತ್ತವೆ. ನಾವು ಪಾಪ್‌ಕಾರ್ನ್ ತಿನ್ನುತ್ತಲೇ ಇರುತ್ತೇವೆ. ಅದೇ ಸಿನಿಮಾದಲ್ಲಿ ಒಬ್ಬ ಬೀದಿ ವ್ಯಾಪಾರಿಯ ತಲೆಗೆ ಪಿಸ್ತೂಲು ಹಿಡಿದಾಗ ಇಡೀ ಥಿಯೇಟರು ಉಸಿರು ಬಿಗಿಹಿಡಿಯುತ್ತದೆ. ಹೀಗೆ ಯಾಕಾಗುತ್ತದೆ? ಅಪಾಯ ದೊಡ್ಡದಾದಷ್ಟೂ ಭಯ ದೊಡ್ಡದಾಗಬೇಕಿತ್ತು ಅಲ್ವಾ?

ನನ್ನ ಪ್ರಕಾರ ಇದೆಲ್ಲ ಭಾರದ ವಿಷಯ. ಪರದೆಯ ಮೇಲೆ ಕಾಣುವ ವಸ್ತುವಿಗೆ ತೂಕ ಇರಬೇಕು. ಬಿದ್ದರೆ ಪೆಟ್ಟಾಗುತ್ತದೆ, ಎತ್ತಲು ಕಷ್ಟವಾಗುತ್ತದೆ, ಕಳೆದುಹೋದರೆ ಮತ್ತೆ ಸಿಗುವುದಿಲ್ಲ ಎಂದು ನಮ್ಮ ಮೈಗೆ ಅನ್ನಿಸಬೇಕು. ಆ ಭಾರ ಇದ್ದರೆ ಒಂದು ಪೀಪಾಯಿ ತೇಲಿದರೂ ಎದೆ ಝಲ್ಲೆನ್ನುತ್ತದೆ. ಇಲ್ಲದಿದ್ದರೆ ಗ್ರಹಗಳೇ ಸಿಡಿದರೂ ಏನೂ ಆಗುವುದಿಲ್ಲ.

ಪೀಪಾಯಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ಬೇಸಿಗೆಯ ಭಾರೀ ಸಿನಿಮಾ ಎಂಬ ಪದ್ಧತಿ ಶುರುವಾದದ್ದು ಮನುಷ್ಯರನ್ನು ತಿನ್ನುವ ಶಾರ್ಕಿನ ಕಥೆಯ ‘ಜಾಸ್’ ಚಿತ್ರದಿಂದ. 1975ರ ಜೂನ್ 20ರಂದು ಅದು ಅಮೆರಿಕದಲ್ಲಿ ಏಕಕಾಲಕ್ಕೆ 400ಕ್ಕೂ ಹೆಚ್ಚು ಥಿಯೇಟರುಗಳಲ್ಲಿ ತೆರೆಕಂಡಿತು. ಮೊದಲು ಕೆಲವೇ ಊರುಗಳಲ್ಲಿ ಹಾಕಿ, ನಿಧಾನವಾಗಿ ಉಳಿದ ಕಡೆ ಕಳಿಸುವ ರೂಢಿಯನ್ನು ಅದು ಬದಲಿಸಿತು. 2025ಕ್ಕೆ ಸರಿಯಾಗಿ 50 ವರ್ಷ. ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್‌ಗೆ ಆಗ ಮೂವತ್ತೂ ತುಂಬಿರಲಿಲ್ಲ. ಚಿತ್ರೀಕರಣಕ್ಕೆಂದು ಮಾಡಿಸಿದ ಯಂತ್ರದ ಶಾರ್ಕ್ ಉಪ್ಪುನೀರಿಗೆ ಇಳಿಯುತ್ತಲೇ ಕೆಟ್ಟು ನಿಲ್ಲುತ್ತಿತ್ತು. ಶಾರ್ಕ್ ತೋರಿಸುವಂತಿಲ್ಲ, ಸಿನಿಮಾ ಮುಗಿಸಲೇಬೇಕು. ಆಗ ಅವರು ಏನು ಮಾಡಿದರು ನೋಡಿ.

ಇಬ್ಬರು ಮೀನು ಹಿಡಿಯಲು ರಾತ್ರಿ ಬರುತ್ತಾರೆ. ದೊಡ್ಡ ಮಾಂಸದ ತುಂಡನ್ನು ಕೊಕ್ಕೆಗೆ ಸಿಕ್ಕಿಸಿ, ಸರಪಳಿಯನ್ನು ಮರದ ಜೆಟ್ಟಿಗೆ, ಅಂದರೆ ದೋಣಿ ಕಟ್ಟುವ ಅಟ್ಟಣೆಗೆ, ಬಿಗಿದು ನೀರಿಗೆ ಬಿಡುತ್ತಾರೆ. ಶಾರ್ಕ್ ಕಚ್ಚುತ್ತದೆ, ಎಳೆಯುತ್ತದೆ. ಜೆಟ್ಟಿಯ ತುದಿಯೇ ಕಿತ್ತು ಬಂದು, ಅದರ ಮೇಲಿದ್ದವನು ನೀರಿಗೆ ಬೀಳುತ್ತಾನೆ. ಮುರಿದ ಮರದ ತುಂಡು ದೂರ ತೇಲಿ ಹೋಗುತ್ತದೆ. ಅವನು ದಡದ ಕಡೆ ಈಜುತ್ತಾನೆ. ಆಗ ಆ ಮರದ ತುಂಡು ನಿಧಾನವಾಗಿ ತಿರುಗುತ್ತದೆ. ತಿರುಗಿ ಅವನ ಕಡೆಗೇ ಬರಲು ಶುರುಮಾಡುತ್ತದೆ. ಅಷ್ಟೇ. ಶಾರ್ಕಿನ ಒಂದು ಹಲ್ಲೂ ಕಾಣುವುದಿಲ್ಲ. ಮುಂದೆ ಸಮುದ್ರದ ನಡುವೆ ಹಳದಿ ಪೀಪಾಯಿಗಳು ಬರುತ್ತವೆ. ಮೂರು ಪೀಪಾಯಿ ಸಿಕ್ಕಿಸಿದ ಮೇಲೆ ಯಾವ ಮೀನೂ ಒಳಗೆ ಮುಳುಗಿರಲಾರದು ಎಂದು ಮೀನುಗಾರ ಕ್ವಿಂಟ್‌ಗೆ ಗಟ್ಟಿ ನಂಬಿಕೆ. ಮೂರೂ ಪೀಪಾಯಿಗಳು ನಮ್ಮ ಕಣ್ಣೆದುರೇ ನೀರೊಳಗೆ ಹೋಗುತ್ತವೆ. ಆ ಪ್ರಾಣಿ ಎಷ್ಟು ದೊಡ್ಡದು ಎಂದು ಯಾರೂ ನಮಗೆ ಹೇಳಬೇಕಾಗಿಯೇ ಇಲ್ಲ.

ನಂಜನಗೂಡಿನ ದೊಡ್ಡ ಜಾತ್ರೆಗೆ ಹೋದವರು ಇಲ್ಲಿ ಇದ್ದೇ ಇರುತ್ತೀರಿ. ತೇರಿನ ತೂಕ ನಮಗೆ ಗೊತ್ತಾಗುವುದು ಅದರ ಎತ್ತರ ನೋಡಿ ಅಲ್ಲ. ಚಕ್ರದ ಪಕ್ಕದಲ್ಲೇ ನಡೆಯುತ್ತಾ, ಅದರ ಅಡಿಗೆ ಮರದ ತುಂಡು ಕೊಟ್ಟು ತಡೆಯುವವನನ್ನು ನೋಡಿದಾಗ ಗೊತ್ತಾಗುತ್ತದೆ. ಅವನ ಕೈ, ಆ ಚಕ್ರ, ನಡುವಿನ ಗೇಣು ಜಾಗ. ದೊಡ್ಡದರ ಪಕ್ಕದಲ್ಲಿ ಚಿಕ್ಕದನ್ನು ಇಟ್ಟು ತೋರಿಸಬಲ್ಲ ನಿರ್ದೇಶಕನಿಗೆ ಈ ಗುಟ್ಟು ಗೊತ್ತಿರುತ್ತದೆ.

ಈಗ ಹೊಸ ಚಿತ್ರಗಳಿಗೆ ಬರೋಣ. ‘ಮಿಷನ್: ಇಂಪಾಸಿಬಲ್ – ದ ಫೈನಲ್ ರೆಕನಿಂಗ್’ ಅಮೆರಿಕಕ್ಕಿಂತ ಮೊದಲೇ, ಮೇ 17ಕ್ಕೆ, ನಮ್ಮಲ್ಲಿ ಬಿಡುಗಡೆಯಾಯಿತು. ಹತ್ತಿರ ಹತ್ತಿರ ಮೂರು ಗಂಟೆಯ ಚಿತ್ರ. ಅದರ ಮೊದಲ ಒಂದು ಗಂಟೆ ನನಗೆ ಬೇಸರ ತರಿಸಿತು. ಹಳೆಯ ಚಿತ್ರಗಳ ತುಣುಕುಗಳು, ಎಲ್ಲರೂ ಪಿಸುಮಾತಲ್ಲಿ ಲೋಕ ಮುಗಿದುಹೋಗುವ ಬಗ್ಗೆ ಹೇಳುವುದು. ಖಳ ಒಂದು ಕೃತಕ ಬುದ್ಧಿಮತ್ತೆ. ಅದಕ್ಕೆ ಮುಖವಿಲ್ಲ, ಮೈಯಿಲ್ಲ. ಎಲ್ಲ ದೇಶಗಳ ಅಣುಬಾಂಬುಗಳನ್ನೂ ಅದು ಹಿಡಿತಕ್ಕೆ ತೆಗೆದುಕೊಳ್ಳುತ್ತದಂತೆ. ಮ್ಯಾಪಿನ ಮೇಲೆ ಒಂದೊಂದೇ ದೇಶ ಕೆಂಪಾದರೆ ನಮಗೆ ಏನು ಭಯ ಹುಟ್ಟಬೇಕು?

ಆದರೆ ಆಮೇಲೆ ನಾಯಕ ಈಥನ್ ಹಂಟ್ (ಟಾಮ್ ಕ್ರೂಸ್) ನೀರಿಗೆ ಇಳಿಯುತ್ತಾನೆ. ತಳದಲ್ಲಿ ಮುಳುಗಿ ಬಿದ್ದ ರಷ್ಯನ್ ಜಲಾಂತರ್ಗಾಮಿ. ಒಳಗೆ ಅರ್ಧ ನೀರು, ಅರ್ಧ ಗಾಳಿ. ಅವನು ಒಂದು ಬಾಗಿಲು ತೆರೆದರೆ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ನುಗ್ಗುತ್ತದೆ. ನೀರು ಜಾಗ ಬದಲಿಸಿದ್ದಕ್ಕೆ ಇಡೀ ಹಡಗು ಇಳಿಜಾರಿನಲ್ಲಿ ಉರುಳಲು ಶುರುವಾಗುತ್ತದೆ. ಗೋಡೆ ನೆಲವಾಗುತ್ತದೆ, ನೆಲ ಚಾವಣಿಯಾಗುತ್ತದೆ. ಕಟ್ಟಿಟ್ಟಿದ್ದ ಟಾರ್ಪಿಡೊಗಳು ಒಂದೊಂದೇ ಕಳಚಿ ಬೀಳುತ್ತವೆ. ಒಂದೊಂದೂ ಮನುಷ್ಯನಿಗಿಂತ ಎಷ್ಟೋ ಪಟ್ಟು ಉದ್ದ. ಅವನು ಅವುಗಳ ಸಂದಿಯಲ್ಲಿ ತೂರಬೇಕು. ಬಹಳ ಹೊತ್ತು ಒಂದೂ ಮಾತಿಲ್ಲ, ಲೋಹ ಕಿರುಗುಟ್ಟುವ ಸದ್ದು ಮಾತ್ರ. ಕೊನೆಗೆ ಹೊರಬರಲು ಇರುವುದು ಟಾರ್ಪಿಡೊ ಬಿಡುವ ಕೊಳವೆ ಒಂದೇ. ಡೈವಿಂಗ್ ಸೂಟು ಹಾಕಿಕೊಂಡು ಅದರಲ್ಲಿ ಹಿಡಿಸುವುದಿಲ್ಲ. ಅಷ್ಟು ತಣ್ಣನೆಯ ನೀರಿನಲ್ಲಿ ಸೂಟು ಬಿಚ್ಚಿ ಹೊರಡುತ್ತಾನೆ.

ತಿರುಗುವ ಸೆಟ್ಟನ್ನೇ ಕಟ್ಟಿ, ದೊಡ್ಡ ನೀರಿನ ತೊಟ್ಟಿಯಲ್ಲಿ ಇಳಿಸಿ ಇದನ್ನು ಚಿತ್ರೀಕರಿಸಿದರು. ಅದು ಕಣ್ಣಿಗೆ ಗೊತ್ತಾಗುತ್ತದೆ. ನಟನ ಮೈ ನೀರಿನ ಎಳೆತಕ್ಕೆ ಹೇಗೆ ವಾಲಬೇಕೋ ಹಾಗೇ ವಾಲುತ್ತದೆ. ಆದರೆ ನಾನು ಇದನ್ನು ಮೆಚ್ಚುವುದು ಬರೀ ನಿಜವಾದ ಸೆಟ್ ಎಂಬ ಕಾರಣಕ್ಕಲ್ಲ. ಇದರ ಲೆಕ್ಕ ಸ್ಪಷ್ಟವಾಗಿದೆ. ನೀರು ಹೋದ ಕಡೆ ಹಡಗು ಉರುಳುತ್ತದೆ, ಹಡಗು ಉರುಳಿದರೆ ಟಾರ್ಪಿಡೊ ಬೀಳುತ್ತದೆ. ಇದಿಷ್ಟು ನಮಗೂ ಗೊತ್ತು, ಅವನಿಗೂ ಗೊತ್ತು. ಆದ್ದರಿಂದ ಮುಂದಿನ ಅಪಾಯ ಬರುವ ಮೊದಲೇ ನಾವು ಕುರ್ಚಿಯಲ್ಲಿ ಸರಿದು ಕೂರುತ್ತೇವೆ. ಕೊನೆಯಲ್ಲಿ ಬರುವ ಎರಡು ರೆಕ್ಕೆಯ ಹಳೇ ವಿಮಾನದ ದೃಶ್ಯವೂ ಹಾಗೆಯೇ. ಅರವತ್ತು ದಾಟಿದ ಟಾಮ್ ಕ್ರೂಸ್ ಅದರ ರೆಕ್ಕೆ ಹಿಡಿದು ನೇತಾಡುವಾಗ ಗಾಳಿಗೆ ಅವರ ಕೆನ್ನೆ ಅದುರುತ್ತದೆ. ಆ ಕೆನ್ನೆಯನ್ನು ಯಾವ ನಟನೂ ಅಭಿನಯಿಸಲಾರ.

‘ಜುರಾಸಿಕ್ ವರ್ಲ್ಡ್: ರೀಬರ್ತ್’ ಜುಲೈ ಮೊದಲ ವಾರ ಬಂತು. ನಿರ್ದೇಶನ ಗ್ಯಾರೆತ್ ಎಡ್ವರ್ಡ್ಸ್. ಚಿತ್ರಕಥೆ ಡೇವಿಡ್ ಕೆಪ್ ಅವರದು, 1993ರ ಮೊದಲ ‘ಜುರಾಸಿಕ್ ಪಾರ್ಕ್’ ಚಿತ್ರಕಥೆಯಲ್ಲೂ ಕೈಯಾಡಿಸಿದವರು. ಕಥೆ ತೆಳುವಾಗಿದೆ. ಹೃದ್ರೋಗಕ್ಕೆ ಔಷಧ ಮಾಡಲು ನೆಲ, ನೀರು, ಆಕಾಶದ ಮೂರು ಭಾರೀ ಪ್ರಾಚೀನ ಸರೀಸೃಪಗಳ ರಕ್ತ ತರಬೇಕು. ಆದರೆ ಒಂದು ದೃಶ್ಯಕ್ಕಾಗಿ ನಾನು ಈ ಚಿತ್ರವನ್ನು ಇನ್ನೊಮ್ಮೆ ನೋಡಿದೆ.

ಕಾಡಿನಲ್ಲಿ ಸಿಕ್ಕಿಹಾಕಿಕೊಂಡ ಒಂದು ಕುಟುಂಬ. ನದಿ ದಡದಲ್ಲಿ ಗಾಳಿ ತುಂಬುವ ದೋಣಿಯೊಂದು ಸಿಗುತ್ತದೆ. ಅದರ ಪಕ್ಕದಲ್ಲೇ ಒಂದು ಟಿ-ರೆಕ್ಸ್ ಮಲಗಿ ನಿದ್ದೆ ಮಾಡುತ್ತಿದೆ. ಹೊಟ್ಟೆ ಏರುತ್ತದೆ, ಇಳಿಯುತ್ತದೆ. ಹುಡುಗಿ ಮೆಲ್ಲಗೆ ಹೋಗಿ ದೋಣಿ ಎಳೆದು ತರಬೇಕು. ಅದಕ್ಕೆ ಗಾಳಿ ತುಂಬುವಾಗ ಸದ್ದಾಗದೆ ಇರುವುದಿಲ್ಲ. ಸದ್ದಾಗುತ್ತದೆ. ತಿರುಗಿ ನೋಡಿದರೆ ಪ್ರಾಣಿ ಮಲಗಿದ್ದ ಜಾಗ ಖಾಲಿ! ಆಮೇಲೆ ನದಿಯಲ್ಲಿ ಅದು ಈಜಿಕೊಂಡು ಬರುತ್ತದೆ. ಮೈಕೆಲ್ ಕ್ರೈಟನ್ 1990ರ ‘ಜುರಾಸಿಕ್ ಪಾರ್ಕ್’ ಕಾದಂಬರಿಯಲ್ಲೇ ನದಿಯ ಮೇಲಿನ ಈ ಬೆನ್ನಟ್ಟುವಿಕೆ ಬರೆದಿದ್ದರು. ಮೊದಲ ಚಿತ್ರದಲ್ಲಿ ಅದು ಬರಲಿಲ್ಲ, ಮೂವತ್ತು ವರ್ಷದ ಮೇಲೆ ಪರದೆಗೆ ಬಂತು.

ಅದೇ ಚಿತ್ರದ ಕೊನೆಯಲ್ಲಿ ಪ್ರಯೋಗಾಲಯದಲ್ಲಿ ಹುಟ್ಟಿದ, ಆರು ಕೈಕಾಲಿನ, ಉಬ್ಬಿದ ತಲೆಯ ಹೊಸ ಪ್ರಾಣಿಯೊಂದು ಬರುತ್ತದೆ. ಟಿ-ರೆಕ್ಸ್‌ಗಿಂತ ಎಷ್ಟೋ ದೊಡ್ಡದು. ಆದರೂ ನಿದ್ದೆ ಮಾಡುತ್ತಿದ್ದ ಟಿ-ರೆಕ್ಸ್ ಹುಟ್ಟಿಸಿದ ಭಯದ ಕಾಲು ಭಾಗವೂ ಅದರಿಂದ ಹುಟ್ಟುವುದಿಲ್ಲ. ಅದು ಹೇಗೆ ಬದುಕುತ್ತದೆ, ಏನು ತಿನ್ನುತ್ತದೆ, ಎಷ್ಟು ವೇಗವಾಗಿ ಓಡುತ್ತದೆ ಎಂದು ನಮಗೆ ಗೊತ್ತಿಲ್ಲ. ಹೊಗೆ ಮತ್ತು ಕತ್ತಲಲ್ಲಿ ಸುಮ್ನೆ ದೊಡ್ಡದಾಗಿ ನಿಂತಿರುತ್ತದೆ. ಮೊದಲ ಚಿತ್ರದಲ್ಲಿ ಡೈನೋಸಾರ್‌ಗಳು ಪರದೆಯ ಮೇಲೆ ಇದ್ದದ್ದು ಒಟ್ಟು ಸುಮಾರು 15 ನಿಮಿಷ ಮಾತ್ರ. ಇವತ್ತಿಗೂ ಜನ ಮರೆತಿಲ್ಲ.

ಇನ್ನು ಆರಂಭದಲ್ಲಿ ಹೇಳಿದ ಸಿನಿಮಾ. ಅದು ಜೇಮ್ಸ್ ಗನ್ ಅವರ ‘ಸೂಪರ್‌ಮ್ಯಾನ್’, ಜುಲೈ 11ಕ್ಕೆ ಬಿಡುಗಡೆಯಾಯಿತು. ಸೂಪರ್‌ಮ್ಯಾನ್‌ಗೆ ಭಾರ ತರುವುದು ಕಷ್ಟದ ಕೆಲಸ. ಹಾರುತ್ತಾನೆ, ಗುಂಡು ತಾಗುವುದಿಲ್ಲ, ಅವನಿಗೆ ಏನಾಗಬಹುದು? ಗನ್ ಇದನ್ನು ಮೊದಲ ನಿಮಿಷದಲ್ಲೇ ಮುರಿಯುತ್ತಾರೆ. ಸೂಪರ್‌ಮ್ಯಾನ್ ಈಗಷ್ಟೇ ಸೋತು ಹಿಮದಲ್ಲಿ ಬಿದ್ದಿದ್ದಾನೆ. ಬಾಯಲ್ಲಿ ರಕ್ತ, ಎದ್ದೇಳಲು ಆಗುತ್ತಿಲ್ಲ. ಶಿಳ್ಳೆ ಹಾಕಿ ನಾಯಿಯನ್ನು ಕರೆಯುತ್ತಾನೆ. ಮುಂದೆ ಒಂದು ರಾಕ್ಷಸ ಪ್ರಾಣಿ ನಗರದಲ್ಲಿ ಓಡಾಡುವಾಗ ಅವನು ಒಂದು ಅಳಿಲನ್ನು ಎತ್ತಿಕೊಂಡು ಪಕ್ಕಕ್ಕೆ ಇಡುತ್ತಾನೆ. ಬಿಡುಗಡೆಗೆ ಮೊದಲು ನೋಡಿದವರಲ್ಲಿ ಕೆಲವರಿಗೆ ಆ ಅಳಿಲು ಹಿಡಿಸಲಿಲ್ಲವಂತೆ. ಗನ್ ತೆಗೆಯಲಿಲ್ಲ. ಒಳ್ಳೆಯ ತೀರ್ಮಾನ. ಅಳಿಲೊಂದರ ಜೀವಕ್ಕೆ ಬೆಲೆ ಇರುವ ಊರಿನಲ್ಲಿ ಮನುಷ್ಯರಿಗೂ ಬೆಲೆ ಇದೆ ಎಂದು ನಾವು ನಂಬುತ್ತೇವೆ.

ಆ ಬೀದಿ ವ್ಯಾಪಾರಿಯ ಹೆಸರು ಮಲಿಕ್. ಗಾಡಿಯಲ್ಲಿ ಫಲಾಫೆಲ್ ಮಾರುವವನು. ಹಿಂದೊಮ್ಮೆ ಸೂಪರ್‌ಮ್ಯಾನ್‌ಗೆ ತಿನ್ನಲು ಕೊಟ್ಟಿದ್ದ, ಬಿದ್ದಾಗ ಎದ್ದೇಳಲು ಕೈಕೊಟ್ಟಿದ್ದ. ಖಳ ಲೆಕ್ಸ್ ಲೂಥರ್ ಅವನನ್ನು ಹಿಡಿದು ತಂದು, ಪಂಜರದಲ್ಲಿ ಶಕ್ತಿಗುಂದಿ ಬಿದ್ದಿರುವ ಸೂಪರ್‌ಮ್ಯಾನ್ ಎದುರೇ ಪಿಸ್ತೂಲು ಹಿಡಿಯುತ್ತಾನೆ. ಒಂದು ಕೋಣೆ, ಒಂದು ಪಿಸ್ತೂಲು, ಒಂದು ಗುಂಡು. ಮಲಿಕ್ ಸಾಯುತ್ತಾನೆ. ಸೂಪರ್‌ಹೀರೊ ಚಿತ್ರಗಳಲ್ಲಿ ಇಷ್ಟು ಭಾರದ ಸಾವನ್ನು ನಾನು ನೋಡಿದ್ದು ಅಪರೂಪ. ಮೆಟ್ರೊಪೊಲಿಸ್ ನಗರ ಸೀಳುವುದು ಅದಾದ ಮೇಲೆ. ಜನರನ್ನೆಲ್ಲ ಮೊದಲೇ ಖಾಲಿ ಮಾಡಿಸುತ್ತಾರೆ. ಖಾಲಿ ಕಟ್ಟಡಗಳು ಬೀಳುತ್ತವೆ. ಬೀಳಲಿ ಬಿಡಿ ಅನ್ನಿಸುತ್ತದೆ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ದೇಶದ ಥಿಯೇಟರುಗಳಲ್ಲಿ ಈ ಚಿತ್ರದ ಮುತ್ತಿನ ದೃಶ್ಯವನ್ನು ಸೆನ್ಸಾರ್ ಮಂಡಳಿ ಕತ್ತರಿಸಿತು. ಪತ್ರಕರ್ತೆ ಲೋಯಿಸ್ ಮತ್ತು ಕ್ಲಾರ್ಕ್ (ಸೂಪರ್‌ಮ್ಯಾನ್‌ನ ಇನ್ನೊಂದು ಹೆಸರು) ಜಗಳವಾಡುವ ಆ ಉದ್ದನೆಯ ಸಂದರ್ಶನದ ದೃಶ್ಯ ನೋಡಿದ್ದೀರಲ್ಲ, ಅದರಲ್ಲಿ ಕಟ್ಟಿದ ಸಂಬಂಧಕ್ಕೆ ಕೊನೆಯ ಮುತ್ತೇ ಉತ್ತರ. ತಲೆಗೆ ಗುಂಡು ಹೊಡೆಯುವುದನ್ನು ಉಳಿಸಿ, ಪ್ರೀತಿಸುವ ಇಬ್ಬರ ಮುತ್ತನ್ನು ತೆಗೆದದ್ದು ನನಗೆ ಸಿಟ್ಟು ತರಿಸಿತು. ಇವತ್ತಿಗೂ ಸಿಟ್ಟಿದೆ.

ಕಾರ್ ರೇಸಿನ ಚಿತ್ರ ‘ಎಫ್1’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಥೆ ನೂರು ಸಲ ಕೇಳಿದ್ದು. ವಯಸ್ಸಾದ ರೇಸ್ ಚಾಲಕ ವಾಪಸ್ ಬರುತ್ತಾನೆ, ಹುಡುಗನ ಜೊತೆ ಜಗಳ, ಆಮೇಲೆ ಸ್ನೇಹ. ಆದರೆ ನಿರ್ದೇಶಕ ಜೋಸೆಫ್ ಕೊಸಿನ್ಸ್‌ಕಿ ಫಾರ್ಮುಲಾ 2 ಕಾರುಗಳನ್ನು ಮಾರ್ಪಡಿಸಿ, ನಟರನ್ನೇ ಓಡಿಸಲು ಕೂರಿಸಿ, ಸಿಲ್ವರ್‌ಸ್ಟೋನ್‌ನಂಥ ನಿಜವಾದ ರೇಸುಗಳ ನಡುವೆಯೇ ಹೋಗಿ ಚಿತ್ರೀಕರಿಸಿದರು. ತಿರುಗುವ ಪುಟ್ಟ ಕ್ಯಾಮೆರಾಗಳನ್ನು ಕಾರಿಗೇ ಕೂರಿಸಿದರು. ಬ್ರಾಡ್ ಪಿಟ್ ಮುಖ ಕಾಣುತ್ತಿರುವಾಗಲೇ ಕ್ಯಾಮೆರಾ ಹೊರಳಿ ಮುಂದಿನ ರಸ್ತೆ ತೋರಿಸುತ್ತದೆ, ನಡುವೆ ಕಟ್ ಇಲ್ಲ. ಇವರು ನಿಜವಾಗಿ ಅಲ್ಲೇ ಇದ್ದಾರೆ ಎಂದು ಗೊತ್ತಾದ ಮೇಲೆ ಪ್ರತಿ ತಿರುವಿಗೂ ನಮ್ಮ ಕಾಲು ಬ್ರೇಕ್ ಹುಡುಕುತ್ತದೆ.

‘ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್’ ನನಗೆ ಅರ್ಧ ಇಷ್ಟವಾಯಿತು. ಗಗನನೌಕೆಯಲ್ಲಿ, ತೂಕವೇ ಇಲ್ಲದ ಜಾಗದಲ್ಲಿ, ಶತ್ರು ಬೆನ್ನಟ್ಟುತ್ತಿರುವಾಗ ಆ ನಾಲ್ವರು ಸೂಪರ್‌ಹೀರೊಗಳಲ್ಲಿ ಒಬ್ಬಳಾದ ಸೂ ಸ್ಟಾರ್ಮ್‌ಗೆ ಹೆರಿಗೆಯಾಗುತ್ತದೆ. ಹೆರಿಗೆ ನೋವಿನ ಮುಂದೆ ಹೊರಗಿನ ನ್ಯೂಟ್ರಾನ್ ನಕ್ಷತ್ರವೂ ಚಿಕ್ಕದಾಗುತ್ತದೆ. ‘ಮಗು ಕೊಡಿ, ಭೂಮಿ ಬಿಡುತ್ತೇನೆ’ ಎಂದು ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್ ಕೇಳಿದ ಮೇಲೆ ಎಷ್ಟು ದೊಡ್ಡ ಕಥೆ ಬಿಚ್ಚಿಕೊಳ್ಳಬೇಕಿತ್ತು! ಊರಿನ ಜನ ಸಿಟ್ಟಾಗುತ್ತಾರೆ, ಒಂದು ಭಾಷಣಕ್ಕೆ ಸಮಾಧಾನ ಆಗಿಬಿಡುತ್ತಾರೆ. ಅಲ್ಲಿ ಭಾರ ಕಳೆದುಹೋಯಿತು.

ಇಷ್ಟೊತ್ತು ಕೇಳಿದವರಲ್ಲಿ ಕೆಲವರು ‘ಹಾಗಾದರೆ ಗ್ರಾಫಿಕ್ಸ್ ಕೆಟ್ಟದ್ದು, ನಿಜವಾದ ಸಾಹಸವೇ ಒಳ್ಳೆಯದು ಅನ್ನುತ್ತೀರಾ’ ಎಂದುಕೊಂಡಿರಬಹುದು. ಖಂಡಿತ ಇಲ್ಲ. ಈ ತಪ್ಪು ತಿಳಿವಳಿಕೆ ಬಹಳ ಹರಡಿದೆ, ಅದು ಹೋಗಬೇಕು. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಚಿತ್ರವನ್ನು ನಮೀಬಿಯಾದ ಮರುಭೂಮಿಯಲ್ಲಿ ನಿಜವಾದ ಲಾರಿಗಳನ್ನು ಓಡಿಸಿ ತೆಗೆದರು, ನಿಜ. ಆದರೆ ಅದರಲ್ಲೂ ಕಂಪ್ಯೂಟರಿನಲ್ಲಿ ಕೈಯಾಡಿಸಿದ ಶಾಟ್‌ಗಳು ಸುಮಾರು 2,000 ಇವೆ. ಅದು ನಿಂತಿರುವುದು ಸ್ಪಷ್ಟತೆಯ ಮೇಲೆ. ಎರಡು ಗಂಟೆಯಲ್ಲಿ ಸುಮಾರು 2,700 ಕಟ್‌ಗಳಿವೆ, ಆದರೂ ಯಾರು ಎಲ್ಲಿದ್ದಾರೆ ಎಂಬ ಗೊಂದಲವೇ ಆಗುವುದಿಲ್ಲ. ಮುಖ್ಯವಾದದ್ದನ್ನೆಲ್ಲ ಜಾರ್ಜ್ ಮಿಲ್ಲರ್ ಚೌಕಟ್ಟಿನ ನಡುವೆಯೇ ಇಟ್ಟರು. ಕಟ್ ಆದಾಗ ನಮ್ಮ ಕಣ್ಣು ಹುಡುಕಬೇಕಾಗಿಲ್ಲ. ಸಂಕಲನ ಮಾಡಿದ ಮಾರ್ಗರೆಟ್ ಸಿಕ್ಸೆಲ್ ಅವರಿಗೆ ಆಸ್ಕರ್ ಬಂತು.

ಇನ್ನೊಂದು ಉದಾಹರಣೆ ಜಪಾನಿನದು, 2023ರ ‘ಗಾಡ್ಜಿಲ್ಲಾ ಮೈನಸ್ ಒನ್’. ನಮ್ಮಲ್ಲಿ ಹೆಚ್ಚಿನವರು ನೆಟ್‌ಫ್ಲಿಕ್ಸ್‌ನಲ್ಲಿ ನೋಡಿದ್ದೇವೆ. ಒಟ್ಟು ಖರ್ಚು 15 ದಶಲಕ್ಷ ಡಾಲರಿಗಿಂತ ಕಡಿಮೆ. ಹಾಲಿವುಡ್‌ನ ಇಂಥ ಚಿತ್ರವೊಂದರ ಹತ್ತನೇ ಒಂದು ಭಾಗವೂ ಅಲ್ಲ. 35 ಕಲಾವಿದರು 610 ಶಾಟ್‌ಗಳನ್ನು ಮಾಡಿದರು. ನಿರ್ದೇಶಕ ತಕಾಶಿ ಯಮಝಾಕಿಯವರೇ ವಿಎಫ್‌ಎಕ್ಸ್ (ದೃಶ್ಯ ಪರಿಣಾಮಗಳು, ನಾವು ಗ್ರಾಫಿಕ್ಸ್ ಅನ್ನುವುದು) ಮೇಲ್ವಿಚಾರಕರು. ಕಲಾವಿದರ ನಡುವೆಯೇ ಕೂತು, ಆಗಿಂದಾಗ್ಗೆ ನೋಡಿ, ಆಗಲೇ ತೀರ್ಮಾನ ಹೇಳುತ್ತಿದ್ದರು. ಆ ವರ್ಷದ ವಿಎಫ್‌ಎಕ್ಸ್ ಆಸ್ಕರ್ ಅವರಿಗೇ ಬಂತು. ಏನು ಬೇಕೆಂದು ಮೊದಲೇ ಗೊತ್ತಿರುವ ನಿರ್ದೇಶಕನ ಕೈಯಲ್ಲಿ ಕಂಪ್ಯೂಟರಿನ ಚಿತ್ರಕ್ಕೂ ಭಾರ ಬರುತ್ತದೆ. ಕೊನೆಯ ತಿಂಗಳಲ್ಲಿ ಕ್ಲೈಮ್ಯಾಕ್ಸ್ ಬದಲಿಸಿದರೆ ಬರುವುದಿಲ್ಲ.

ಕೊನೆಯ ತಿಂಗಳಲ್ಲಿ ಬದಲಿಸಿದಾಗ ನಿದ್ದೆಗೆಡುವವರು ಯಾರು? ಅವರಲ್ಲಿ ಬಹಳ ಜನ ನಮ್ಮೂರಿನವರು. ಎಂಪಿಸಿ ಸ್ಟುಡಿಯೊದ ಬೆಂಗಳೂರು ಶಾಖೆಯ ಕಲಾವಿದರು 2016ರ ‘ಜಂಗಲ್ ಬುಕ್’, 2019ರ ‘ಲಯನ್ ಕಿಂಗ್’ ಚಿತ್ರಗಳಿಗೆ ದುಡಿದರು. ಸಿಂಹದ ಒಂದೊಂದು ಕೂದಲ ಹಿಂದೆ ಇಲ್ಲಿನ ಹುಡುಗ ಹುಡುಗಿಯರ ಕೈ ಇದೆ. 2025ರ ಫೆಬ್ರವರಿಯಲ್ಲಿ ಅದರ ಮಾತೃಸಂಸ್ಥೆ ಟೆಕ್ನಿಕಲರ್ ಮುಳುಗಿತು. ಭಾರತದಲ್ಲಿ ಸಾವಿರಾರು ಜನರ ಕೆಲಸ ಹೋಯಿತು, ಹೆಚ್ಚಿನವರು ಬೆಂಗಳೂರಿನವರು. ಬೇಸಿಗೆಯ ಸಿನಿಮಾಗಳು ಮೇ ತಿಂಗಳಲ್ಲಿ ಎಂದಿನಂತೆ ಬಂದವು.

ಇದು ಹೊಸದೂ ಅಲ್ಲ. 2013ರ ಆಸ್ಕರ್ ಸಮಾರಂಭದಲ್ಲಿ ‘ಲೈಫ್ ಆಫ್ ಪೈ’ ಚಿತ್ರದ ವಿಎಫ್‌ಎಕ್ಸ್‌ಗೆ ಪ್ರಶಸ್ತಿ ಬಂತು. ಆ ಹುಲಿಯನ್ನು ಮಾಡಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ ಕೆಲವೇ ದಿನಗಳ ಹಿಂದೆ ದಿವಾಳಿ ಅರ್ಜಿ ಹಾಕಿತ್ತು. ಅವರಿಗೆ ಮುಂಬೈ, ಹೈದರಾಬಾದ್‌ಗಳಲ್ಲೂ ಸ್ಟುಡಿಯೊ ಇತ್ತು. ವೇದಿಕೆಯ ಮೇಲೆ, ಪ್ರಶಸ್ತಿ ಪಡೆದ ಬಿಲ್ ವೆಸ್ಟನ್‌ಹೋಫರ್ ಆ ಸಂಸ್ಥೆಯ ಕಷ್ಟ ಹೇಳಲು ಬಾಯಿ ತೆರೆದಾಗ, ಸಮಯ ಮುಗಿಯಿತೆಂದು ಸಂಗೀತ ಜೋರಾಯಿತು, ಮೈಕ್ ನಿಂತಿತು. ಆ ಸಂಗೀತ ಯಾವುದು ಗೊತ್ತಾ? ‘ಜಾಸ್’ ಚಿತ್ರದ ಶಾರ್ಕ್ ಬರುವಾಗಿನ ಸಂಗೀತ. ನನಗೆ ಅದನ್ನು ಈಗ ನೋಡಿದರೂ ಹೊಟ್ಟೆ ಉರಿಯುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್‌ನ ವಿಎಫ್‌ಎಕ್ಸ್ ಕೆಲಸಗಾರರು ಸಂಘ ಕಟ್ಟಲು ಒಮ್ಮತದಿಂದ ಮತ ಹಾಕಿದರು. ಅಂಥದ್ದು ಇಲ್ಲೂ ಆಗಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಹೆದರಿಕೆಯಲ್ಲಿ, ಅವಸರದಲ್ಲಿ ಮಾಡಿದ ಕೆಲಸ ಪರದೆಯ ಮೇಲೆ ಕಾಣಿಸಿಯೇ ಕಾಣಿಸುತ್ತದೆ. ಕೆಟ್ಟ ಗ್ರಾಫಿಕ್ಸ್ ಎಂದು ನಾವು ಬೈಯುವಾಗ ಅದು ಸಾಮಾನ್ಯವಾಗಿ ಕಲಾವಿದನ ತಪ್ಪಾಗಿರುವುದಿಲ್ಲ.

ಮಾತು ಮುಗಿಸುವ ಮೊದಲು ಇಲ್ಲಿಂದ ಬಂದ ಒಂದು ಚೀಟಿಗೆ ಉತ್ತರ ಹೇಳುತ್ತೇನೆ. ಮಕ್ಕಳಿಗೆ ಇವುಗಳಲ್ಲಿ ಯಾವುದನ್ನು ತೋರಿಸಬಹುದು ಎಂದು ಕೇಳಿದ್ದೀರಿ. ಹತ್ತು ಹನ್ನೆರಡು ವರ್ಷದವರಾದರೆ ‘ಸೂಪರ್‌ಮ್ಯಾನ್’ ತೋರಿಸಿ, ಮಲಿಕ್ ದೃಶ್ಯ ಬಂದಾಗ ಪಕ್ಕದಲ್ಲಿರಿ. ‘ರೀಬರ್ತ್’ ತೀರಾ ಚಿಕ್ಕವರಿಗೆ ಬೇಡ. ‘ಮಿಷನ್: ಇಂಪಾಸಿಬಲ್’ ಮನೆಯಲ್ಲಿ ನೋಡುವುದಾದರೆ ಆ ಜಲಾಂತರ್ಗಾಮಿಯ ಭಾಗಕ್ಕೆ ದೀಪ ಆರಿಸಿ, ಫೋನು ಬೇರೆ ಕೋಣೆಯಲ್ಲಿಟ್ಟು, ಸದ್ದು ಜೋರು ಮಾಡಿ ನೋಡಿ. ‘ಜಾಸ್’ ಇನ್ನೂ ನೋಡದವರು ಇದ್ದರೆ ಎಲ್ಲಕ್ಕಿಂತ ಮೊದಲು ಅದನ್ನೇ ನೋಡಿ. ಮುಂದಿನ ಸಲ ಸೇರಿದಾಗ ಆ ಜೆಟ್ಟಿಯ ದೃಶ್ಯವನ್ನು ಶಾಟ್ ಶಾಟ್ ಆಗಿ ನಿಲ್ಲಿಸಿ ಮಾತಾಡೋಣ.